ಪದ್ಮಿನಿಯ ಬಾಯಾರಿಕೆ

ನಮ್ಮ ಮನೆಯ ಕಾರಿಗೆ ಒಂದು ಹೆಸರಿತ್ತು. ಅದು ನಾವಿಟ್ಟದ್ದಲ್ಲ, ಕಂಪನಿಯವರೇ ಇಟ್ಟದ್ದು: ಪ್ರೀಮಿಯರ್ ಪದ್ಮಿನಿ. ನಮ್ಮ ಅತ್ತೆ ಅದರ ಮುಂದಿನ ‘ಪ್ರೀಮಿಯರ್’ ಅನ್ನು ಬಿಟ್ಟುಬಿಟ್ಟು, ಮನೆಯಲ್ಲಿ ಇನ್ನೊಬ್ಬ ಸೊಸೆ ಇದ್ದಾಳೇನೋ ಎಂಬಂತೆ ಬರೀ ‘ಪದ್ಮಿನಿ’ ಎನ್ನುತ್ತಿದ್ದರು. “ಪದ್ಮಿನಿಗೆ ನೀರು ಕುಡಿಸಿದಿರಾ?” ಎಂದು ಬೆಳಿಗ್ಗೆ ಮಾವನವರನ್ನು ಕೇಳುವುದು ಅವರ ವಾಡಿಕೆ. ನಾನು ಮದುವೆಯಾಗಿ ಗೌರಿಬಿದನೂರಿಗೆ ಬಂದ ಹೊಸದರಲ್ಲಿ, ಈ ಪದ್ಮಿನಿ ಯಾರು, ಅವಳಿಗೆ ನೀರು ಕುಡಿಸುವವರು ಮಾವನವರೇ ಏಕಾಗಬೇಕು ಎಂದು ಒಂದು ದಿನವೆಲ್ಲಾ ತಲೆ ಕೆಡಿಸಿಕೊಂಡಿದ್ದೆ.

ಮಾವನವರು ಜವಳಿ ಅಂಗಡಿ ಇಟ್ಟಿದ್ದವರು. ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಅಂಗಡಿಯ ಗಲ್ಲಾಪೆಟ್ಟಿಗೆ ಮತ್ತು ಕಾರಿನ ಬಾನೆಟ್ಟು, ಇವೆರಡನ್ನೂ ಬೇರೆಯವರು ಮುಟ್ಟುವಂತಿರಲಿಲ್ಲ. ಹೆಂಗಸರಂತೂ ಸುಳಿಯುವ ಹಾಗೇ ಇಲ್ಲ.

1996ರ ಮೇ ತಿಂಗಳು. ಚಿಂತಾಮಣಿಯಲ್ಲಿ ನಮ್ಮ ನಾದಿನಿಯ ಸೀಮಂತ. ಅಂದು ಭಾನುವಾರ; ಸಂಜೆ ನಾಲ್ಕೂವರೆಗೆ ರಾಹುಕಾಲ ಬಂದುಬಿಡುತ್ತದೆ, ಅಷ್ಟರೊಳಗೆ ಆರತಿ ಆಗಿಬಿಡಬೇಕು ಎಂದು ಬೀಗಿತ್ತಿ ಎರಡೆರಡು ಸಲ ಹೇಳಿಕಳಿಸಿದ್ದರು. ಹಸಿರು ಸೀರೆ, ಹಸಿರು ಬಳೆ, ಚಕ್ಕುಲಿ, ಕೊಬ್ಬರಿ ಮಿಠಾಯಿ ಎಲ್ಲವನ್ನೂ ಡಿಕ್ಕಿಗೆ ತುಂಬಿ ಬೆಳಿಗ್ಗೆ ಎಂಟಕ್ಕೆಲ್ಲಾ ಹೊರಟೆವು. ಮುಂದೆ ಮಾವನವರು ಮತ್ತು ನಮ್ಮ ಯಜಮಾನರು. ಹಿಂದೆ ಅತ್ತೆ, ನಾನು, ನನ್ನ ತೊಡೆಯ ಮೇಲೆ ನಾಲ್ಕು ವರ್ಷದ ಮಗಳು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಚಿಂತಾಮಣಿ ಸೇರುವ ನೇರ ದಾರಿ.

ನೇರವೇನೋ ಹೌದು, ಆದರೆ ಏರು. ಉತ್ತರ ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟದ ಸಾಲಿನಲ್ಲಿ, ಹರಿದು ಬರುವುದು ಗೌರಿಬಿದನೂರಿಗೆ. ನದಿ ಇಳಿದು ಬಂದಷ್ಟನ್ನೂ ನಾವು ಹತ್ತಬೇಕು. ಎರಡೂರಿಗೂ ಎತ್ತರದಲ್ಲಿ ಇನ್ನೂರು ಮೀಟರಿಗೂ ಹೆಚ್ಚಿನ ವ್ಯತ್ಯಾಸ. ಮಂಚೇನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಪದ್ಮಿನಿಯ ಮೂಗಿನಿಂದ ಬಿಳಿ ಹೊಗೆ ಎದ್ದಿತು. ಹೊಗೆಯಲ್ಲ, ಆವಿ. ಬುಸ್ಸೆಂದು ಸದ್ದು ಮಾಡಿ ಕಾರು ಒಂದು ಹುಣಸೆ ಮರದ ಕೆಳಗೆ ನಿಂತಿತು.

ಮಾವನವರು ಇಳಿದವರೇ ಬಾನೆಟ್ ಎತ್ತಿ, ಹೆಗಲ ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. “ಹೆಂಗಸರು ದೂರ ನಿಂತ್ಕೊಳ್ಳಿ” ಎಂದರು. ದೂರವಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: “ಕುಕ್ಕರು ಬುಸುಗುಡುವಾಗ ಯಾರಾದರೂ ಮುಚ್ಚಳ ತೆಗೀತಾರೇನ್ರೀ? ಬಿಡಿ ಕೈನ!”

ಮೂವತ್ತು ವರ್ಷದ ಸಂಸಾರದಲ್ಲಿ ಅತ್ತೆ ಮಾವನವರಿಗೆ ಅಷ್ಟು ಜೋರಾಗಿ ಹೇಳಿದ್ದು ಅದೇ ಮೊದಲಿರಬೇಕು. ಮಾವನವರು ಬೆಚ್ಚಿ ಕೈ ತೆಗೆದರು. ಎಷ್ಟು ದೊಡ್ಡ ಅನಾಹುತ ತಪ್ಪಿತೆಂದು ನನಗೆ ಗೊತ್ತಾದದ್ದು ಆಮೇಲೆ. ಆ ಮುಚ್ಚಳ ನಿಜಕ್ಕೂ ಕುಕ್ಕರಿನ ವೆಯ್ಟಿನ ಹಾಗೆಯೇ. ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ; ಒತ್ತಡವಿದ್ದರೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡ ಹೋಗಿ, ನೀರೆಲ್ಲಾ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಹಾಗೆ ಕಣ್ಣು, ಕೈ ಸುಟ್ಟುಕೊಂಡವರು ಊರೂರಿನಲ್ಲೂ ಇದ್ದಾರೆ.

ಕಾರು ತಣ್ಣಗಾಗಲೆಂದು ಕೂತೆವು. ಹೊಲದಿಂದ ಬಂದ ಒಬ್ಬ ಮುದುಕರು “ಏಮಯ್ಯಿಂದಮ್ಮಾ?” ಎಂದರು. ನಮ್ಮ ಕಡೆ ಕನ್ನಡಕ್ಕೂ ತೆಲುಗಿಗೂ ನಡುವೆ ಬೇಲಿಯಿಲ್ಲ. ಅತ್ತೆ ತೆಲುಗಿನಲ್ಲೇ ನೀರು ಬೇಕೆಂದರು. ಅವರು ಎತ್ತುಗಳ ತೊಟ್ಟಿ ತೋರಿಸಿದರು. ಹಾದುಹೋಗುತ್ತಿದ್ದ ಬಸ್ಸು ನಿಲ್ಲಿಸಿ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಪಕ್ಕದ ಗ್ಯಾರೇಜಿಗೆ ಸುದ್ದಿ ಮುಟ್ಟಿಸಲು ಕಂಡಕ್ಟರಿಗೆ ಹೇಳಿದ್ದೂ ಆಯಿತು. ಆಗ ಮೊಬೈಲ್ ಎಲ್ಲಿತ್ತು?

ಹೀಗೆ ದಾರಿಯಲ್ಲಿ ನಿಂತು ಕಾರಿಗೆ ನೀರು ಹುಡುಕಿದ ಹೆಂಗಸರಲ್ಲಿ ನಾವೇ ಮೊದಲಿಗರಲ್ಲ ಎಂಬುದು ನಾನು ಎಷ್ಟೋ ವರ್ಷಗಳ ನಂತರ ಓದಿ ತಿಳಿದುಕೊಂಡದ್ದು. ಮೊದಲಿಗಳು ಜರ್ಮನಿಯ ಬೆರ್ತಾ ಬೆಂಜ್. ಅವಳ ಗಂಡ ಕಾರ್ಲ್ ಬೆಂಜ್ ಮೋಟಾರು ಗಾಡಿ ಮಾಡಿದ್ದನೇ ಹೊರತು, ಅದನ್ನು ದೂರ ಓಡಿಸಿ ಜನಕ್ಕೆ ತೋರಿಸುವ ಧೈರ್ಯ ಮಾಡಿರಲಿಲ್ಲ. 1888ರ ಆಗಸ್ಟಿನ ಒಂದು ಬೆಳಿಗ್ಗೆ ಬೆರ್ತಾ ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತವರಿಗೆ ಹೊರಟಳು. 100 ಕಿಲೋಮೀಟರಿಗೂ ಹೆಚ್ಚಿನ ದಾರಿ. ಎಣ್ಣೆಯ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿ ತಗುಲಿ ಕಿಡಿ ಹಾಳಾದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನು ಸುತ್ತಿದಳು. ಬ್ರೇಕಿನ ಮರ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡಳು. ಆ ಗಾಡಿಯಲ್ಲಿ ನೀರು ಕುದಿದು ಆವಿಯಾಗಿಯೇ ಇಂಜಿನ್ ತಣ್ಣಗಾಗಬೇಕಿತ್ತು. ಆದ್ದರಿಂದ ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸಿದಳು. ಜಗತ್ತಿನಲ್ಲಿ ಕಾರಿನ ಮೊದಲ ದೂರದ ಪ್ರಯಾಣ ಮಾಡಿದವಳೂ, ದಾರಿಯಲ್ಲಿ ಅದನ್ನು ರಿಪೇರಿ ಮಾಡಿಕೊಂಡವಳೂ ತವರಿಗೆ ಹೊರಟ ಒಬ್ಬ ಹೆಂಗಸು! ಮಾವನವರಿಗೆ ಇದನ್ನು ಹೇಳುವ ಅವಕಾಶ ನನಗೆ ಸಿಗದೇ ಹೋಯಿತು.

ಆಮೇಲೆ ನೀರನ್ನು ಕಳೆಯದೆ ಸುತ್ತಿಸುವ ಉಪಾಯ ಬೆಳೆಯಿತು. 1901ರಲ್ಲಿ ಬಂದ ಒಂದು ಕಾರಿಗೆ ಜೇನುಗೂಡಿನಂಥ ರೇಡಿಯೇಟರನ್ನು ವಿಲ್‌ಹೆಲ್ಮ್ ಮೇಬಾಕ್ ಕೂರಿಸಿದ. ಆ ಕಾರಿಗೆ ಅದರ ದೊಡ್ಡ ಗಿರಾಕಿಯ ಹನ್ನೊಂದು ವರ್ಷದ ಮಗಳ ಹೆಸರಿಟ್ಟರು, ಮರ್ಸಿಡಿಸ್ ಎಂದು. ಇಂಜಿನಿನಿಂದ ರೇಡಿಯೇಟರಿಗೆ ಬಿಸಿ ನೀರು ಹೋಗಲು ರಬ್ಬರ್ ಪೈಪು ಬೇಕು, ಏಕೆಂದರೆ ಇಂಜಿನ್ ನಡುಗುತ್ತದೆ, ರೇಡಿಯೇಟರ್ ನಡುಗುವುದಿಲ್ಲ. ಬಿಸಿಗೆ ಕರಗದ ರಬ್ಬರನ್ನು ಗಂಧಕ ಬೆರೆಸಿ ಮಾಡುವುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲೇ ಕಂಡುಕೊಂಡಿದ್ದ. ಪೈಪನ್ನು ಬಿಗಿಯುವ, ಸ್ಕ್ರೂ ತಿರುಗಿಸಿದರೆ ಬಿಗಿಯಾಗುವ ಉಕ್ಕಿನ ಪಟ್ಟಿಗೆ ಲಮ್ಲಿ ರಾಬಿನ್ಸನ್ ಎಂಬ ಇಂಗ್ಲಿಷ್ ನೌಕಾಪಡೆಯ ಅಧಿಕಾರಿ 1921ರಲ್ಲಿ ಪೇಟೆಂಟ್ ಪಡೆದ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಎಮಿಲಿ ಆ ವ್ಯವಹಾರವನ್ನು ಮುಂದುವರಿಸಿದಳು. ನಮ್ಮ ಅಡುಗೆಮನೆಯ ಗ್ಯಾಸ್ ಪೈಪನ್ನು ಹಿಡಿದಿಡುವ ಕ್ಲಿಪ್ಪೂ ಅದರ ವಂಶದ್ದೇ.

ಮತ್ತೆ ಹುಣಸೆ ಮರದ ಕೆಳಗೆ ಬರೋಣ. ಒಂದೂವರೆ ಗಂಟೆಯ ಮೇಲೆ ಮೇಸ್ತ್ರಿ ಮೊಪೆಡ್ಡಿನಲ್ಲಿ ಬಂದರು. ಮುಟ್ಟಿ ನೋಡಿ, ತಣ್ಣಗಾಗಿದೆಯೆಂದು ಖಾತ್ರಿ ಮಾಡಿಕೊಂಡು, ಇಂಜಿನಿನ ತಲೆಯ ಮೇಲಿದ್ದ ದಪ್ಪ ಪೈಪನ್ನು ಎಳೆದರು. ಪೈಪಿನ ಜೊತೆ ಲೋಹದ ಒಂದು ಉಂಗುರವೂ ಮುರಿದು ಕೈಗೆ ಬಂತು.

“ಪೈಪು ಚೆನ್ನಾಗಿದೆ ಯಜಮಾನ್ರೇ. ಪೈಪು ಕೂರೋ ಮೂತೀನೇ ಹೋಗಿದೆ” ಎಂದರು.

ನಾನು ಹತ್ತಿರ ಹೋಗಿ ನೋಡಿದೆ. ಈ ಸಲ ಯಾರೂ ತಡೆಯಲಿಲ್ಲ. ಇಂಜಿನಿನಿಂದ ಬಿಸಿ ನೀರು ಹೊರಬರುವಲ್ಲಿ ಮೊಣಕೈಯಂತೆ ಬಾಗಿದ ಅಲ್ಯೂಮಿನಿಯಂ ತುಂಡು. ಕೆಂಡಿಯ ಮೂತಿಯ ಹಾಗಿದ್ದ ಅದರ ತುದಿ ಬಿಸ್ಕತ್ತಿನಂತೆ ಪುಡಿಯಾಗಿತ್ತು. ಒಳಗೆಲ್ಲಾ ಬಿಳಿ ಹೊಪ್ಪಳಿಕೆ, ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥದೇ. “ಬೋರ್ ನೀರು ಹಾಕ್ತಿದ್ರಾ?” ಎಂದು ಮೇಸ್ತ್ರಿ ಕೇಳಿದರು. ಮಾವನವರು ಮಾತಾಡಲಿಲ್ಲ. ನಮ್ಮ ಸೀಮೆಯ ಬೋರ್‌ವೆಲ್ ನೀರಿನ ಗಡಸು ನಿಮಗೆ ಹೇಳಬೇಕಾಗಿಲ್ಲ. ಬೇಳೆ ಬೇಯದು, ಸೋಪು ನೊರೆ ಬಾರದು. ಪದ್ಮಿನಿಗೆ ದಿನಾ ಕುಡಿಸುತ್ತಿದ್ದದ್ದು ಅದೇ. ಅದು ಪೈಪಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಲೋಹವನ್ನು ವರ್ಷಾನುಗಟ್ಟಲೆ ತಿಂದಿತ್ತು. ಸೋರಿದಾಗಲೆಲ್ಲಾ ಮಾವನವರು ಕ್ಲಿಪ್ಪನ್ನು ಇನ್ನೊಂದು ಸುತ್ತು ಬಿಗಿದಿದ್ದರು. ತೆಳುವಾದ ಮೂತಿಗೆ ಆ ಬಿಗಿಯೇ ಕಡೆಯ ಏಟಾಯಿತು.

ಹೊಸ ಎಲ್ಬೋ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕು, ಭಾನುವಾರ ಅಂಗಡಿಗಳಿಲ್ಲ. ಮೇಸ್ತ್ರಿ ಯೋಚಿಸಿ, “ಶಿಡ್ಲಘಟ್ಟದಲ್ಲಿ ಲೇತ್ ಇರುತ್ತೆ. ರೇಷ್ಮೆಯೋರಿಗೆ ಭಾನುವಾರ, ಸೋಮವಾರ ಇಲ್ಲ” ಎಂದರು. ಮುರಿದ ಮೊಂಡಿನ ಮೇಲೆ ಸೈಕಲ್ ಟ್ಯೂಬನ್ನು ಹತ್ತು ಸುತ್ತು ಸುತ್ತಿ, ಅದರ ಮೇಲೆ ಪೈಪನ್ನು ತುರುಕಿ ತಂತಿ ಬಿಗಿದರು. ರೇಡಿಯೇಟರಿನ ಮುಚ್ಚಳವನ್ನು ಸಡಿಲವಾಗಿ ಇಟ್ಟರು. ಒತ್ತಡ ಏರದಿದ್ದರೆ ಕಟ್ಟು ಬಿಚ್ಚುವುದಿಲ್ಲ, ಆದರೆ ನೀರು ಬೇಗ ಕುದಿಯುತ್ತದೆ, ನಿಧಾನ ಹೋಗಬೇಕು. ವೆಯ್ಟ್ ಹಾಕದ ಕುಕ್ಕರಿನ ಲೆಕ್ಕ, ಅಷ್ಟೆ. ಎರಡು ಬಿಂದಿಗೆ ನೀರು ನಮ್ಮ ಕಾಲ ಬಳಿ ಬಂತು. ನಾಲ್ಕೈದು ಮೈಲಿಗೊಮ್ಮೆ ನಿಲ್ಲಿಸುವುದು, ಆರಿಸುವುದು, ಕುಡಿಸುವುದು. ಕುಡಿಸುವ ಕೆಲಸ ಅತ್ತೆಯದಾಯಿತು.

ಹಾಗೆ ತೆವಳುತ್ತಾ ಚಿಕ್ಕಬಳ್ಳಾಪುರ ಮುಟ್ಟಿದಾಗ ನಂದಿ ಬೆಟ್ಟ ಎದುರಿಗೆ ಕಂಡಿತು. ಅದರ ಬುಡದಲ್ಲಿ ಮುದ್ದೇನಹಳ್ಳಿ, ವಿಶ್ವೇಶ್ವರಯ್ಯನವರ ಊರು. ಕಟ್ಟೆ ಕಟ್ಟಿದವರು, ಕಾರ್ಖಾನೆ ಕಟ್ಟಿದವರು ಎಂದು ಶಾಲೆಯಲ್ಲಿ ಓದಿದ್ದೆ. ಆದರೆ ನಾವು ಕೂತಿದ್ದ ಕಾರಿಗೂ ಅವರಿಗೂ ಇದ್ದ ನಂಟು ಆಗ ಗೊತ್ತಿರಲಿಲ್ಲ.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು, ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯೂರೋಪು ಮತ್ತು ಅಮೆರಿಕಗಳಿಗೆ ಹೋದರು. ಮೋಟಾರು ಕಾರ್ಖಾನೆಗಳನ್ನು ನೋಡುವುದಕ್ಕೆ. ನಮ್ಮ ದೇಶದಲ್ಲಿ ಆಗಲೂ ಕಾರುಗಳಿದ್ದವು, ಆದರೆ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಜೋಡಿಸುವುದು ಬೇರೆ, ಮಾಡುವುದು ಬೇರೆ ಎಂಬುದು ವಿಶ್ವೇಶ್ವರಯ್ಯನವರ ವಾದ. ಹಿಂತಿರುಗಿ ಬಂದು ಮುಂಬಯಿಯಲ್ಲಿ ಕಾರ್ಖಾನೆ ಮಾಡಲು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ 1940ರಲ್ಲಿ ಒಪ್ಪಂದ ಮಾಡಿಕೊಂಡರು. ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಮಾತೂ ನಡೆಯಿತು. ಮೈಸೂರು ಸರ್ಕಾರ ನೆರವಿಗೆ ಸಿದ್ಧವಿತ್ತು. ಒಪ್ಪದೇ ಹೋದದ್ದು ಬ್ರಿಟಿಷರ ಭಾರತ ಸರ್ಕಾರ. ವಾಲ್‌ಚಂದರ ವಿಮಾನ ಕಾರ್ಖಾನೆ ಮಾತ್ರ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಯುದ್ಧಕ್ಕೆ ವಿಮಾನ ಬೇಕಿತ್ತಲ್ಲ! ಕಾರಿನ ಕನಸು ಮುಂಬಯಿಗೇ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ವಾಹನಗಳು ಹೊರಬಂದವು.

ಸ್ವಾತಂತ್ರ್ಯ ಬಂದ ಮೇಲೆ, 1953ರ ಹೊತ್ತಿಗೆ, ಇಲ್ಲೇ ಭಾಗಗಳನ್ನು ಮಾಡುವವರಿಗೆ ಮಾತ್ರ ಅವಕಾಶ ಎಂದು ಸರ್ಕಾರ ನಿರ್ಧರಿಸಿತು. ಬರೀ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಬಾಗಿಲು ಹಾಕಿಕೊಂಡು ಹೋದವು. ಪ್ರೀಮಿಯರ್‌ನವರು ಇಟಲಿಯ ಫಿಯೆಟ್ ಜೊತೆ ಸೇರಿ 1954ರಿಂದ ಫಿಯೆಟ್ 1100 ಕಾರನ್ನು ತಂದರು. ಅದೇ ವಂಶದ ಕಾರಿಗೆ 1974ರಲ್ಲಿ ಪದ್ಮಿನಿ ಎಂದು ಚಿತ್ತೋರಿನ ರಾಣಿಯ ಹೆಸರಿಟ್ಟರು. ಅಂದರೆ ಮುದ್ದೇನಹಳ್ಳಿಯ ಮುದುಕರ ಯೋಜನೆ ಮುಂಬಯಿ ಸುತ್ತಿ, ರಾಣಿಯ ಹೆಸರು ಹೊತ್ತು, ಅವರ ಊರಿನ ಹತ್ತಿರವೇ ನೀರಿಲ್ಲದೆ ಏದುಸಿರು ಬಿಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ಇಲ್ಲಿ ಹಿತ್ತಲ ಗಿಡ ನಮ್ಮದೆಂದೇ ನಮಗೆ ಗೊತ್ತಿರಲಿಲ್ಲ.

ಶಿಡ್ಲಘಟ್ಟ ಸೇರಿದಾಗ ಮಧ್ಯಾಹ್ನ ಒಂದು ಗಂಟೆ. ಊರಿಗೆಲ್ಲಾ ಗೂಡು ಬೇಯಿಸುವ ವಾಸನೆ. ರೇಷ್ಮೆ ನೂಲು ತೆಗೆಯಬೇಕಾದರೆ ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಲೇಬೇಕು. ಬಾಯ್ಲರ್ ಇಟ್ಟವರಲ್ಲಿ ಆವಿ ಪೈಪಿನಲ್ಲಿ ಬಂದು ಬೇಸಿನ್ನುಗಳ ನೀರನ್ನು ಕಾಯಿಸುತ್ತದೆ. ಹಾಗಾಗಿ ಬಿಸಿ ನೀರಿನ ಪೈಪು ಒಡೆಯುವುದು, ಮೂತಿ ತಿನ್ನಿಹೋಗುವುದು ಈ ಊರಿನವರಿಗೆ ದಿನನಿತ್ಯದ ಪಾಡು.

ಲೇತಿನ ಮನುಷ್ಯ ನಮ್ಮ ಎಲ್ಬೋವನ್ನು ತಿರುಗಿಸಿ ನೋಡಿದರು. “ಇದು ಬೇಸಿನ್ ಪೈಪಿನ ಕೆಲಸಾನೇ” ಎಂದು ಮೊಂಡನ್ನು ಗರಗಸದಲ್ಲಿ ನೇರ ಕುಯ್ದರು. ಲೇತಿಗೆ ಕಟ್ಟಿ ಒಳಗಿನ ತೂತನ್ನು ಗಟ್ಟಿ ಲೋಹ ಸಿಗುವವರೆಗೆ ಕೊರೆದು ಮರೆ ಹಾಕಿದರು. ಹಿತ್ತಾಳೆಯ ಪೈಪಿನ ತುಂಡಿಗೆ ಒಂದು ತುದಿಯಲ್ಲಿ ಅದಕ್ಕೆ ಹೊಂದುವ ಮರೆ, ಇನ್ನೊಂದು ತುದಿಯಲ್ಲಿ ಸಣ್ಣ ಉಬ್ಬು ತೆಗೆದರು. “ಈ ತುಟಿ ಯಾಕಣ್ಣಾ?” ಎಂದೆ. “ಪೈಪು ಜಾರಬಾರದಲ್ಲಕ್ಕಾ. ಕ್ಲಿಪ್ಪು ತುಟಿಯ ಹಿಂದೆ ಕೂರಬೇಕು, ತುಟಿಯ ಮೇಲಲ್ಲ. ಪೈಪು ಒಂದಿಷ್ಟು ಅಮುಕೋವರೆಗೆ ಬಿಗಿದರೆ ಸಾಕು” ಎಂದರು. ಮರೆಗೆ ಸೆಣಬಿನ ಎಳೆ ಸುತ್ತಿ, ಸಫೇದ ಬಳಿದು, ಹಿತ್ತಾಳೆಯನ್ನು ಅಲ್ಯೂಮಿನಿಯಮ್ಮಿಗೆ ತಿರುಗಿಸಿ ಕೂರಿಸಿದರು.

ಎಲ್ಬೋ ಇಂಜಿನಿಗೆ ಕೂರುವಲ್ಲಿ ದಪ್ಪ ಕಾಗದದ ಗ್ಯಾಸ್ಕೆಟ್ ಬೇಕು. ಅಲ್ಲಿರಲಿಲ್ಲ. ಅತ್ತೆ ಚೀಲದಿಂದ ಹಳೆಯದೊಂದು ಮದುವೆ ಕಾಗದ ತೆಗೆದು, “ಇದಾಗುತ್ತೇನಪ್ಪಾ?” ಎಂದರು. ಒಳ್ಳೆ ದಪ್ಪದ ಕಾರ್ಡು. ಅದನ್ನೇ ಅಳತೆಗೆ ಕತ್ತರಿಸಿ ಗ್ರೀಸ್ ಹಚ್ಚಿ ಇಟ್ಟರು. ‘ಶುಭ ವಿವಾಹ’ ಎಂಬುದರಲ್ಲಿ ‘ಶುಭ’ ಮಾತ್ರ ಉಳಿದು ಇಂಜಿನಿನೊಳಗೆ ಹೋಯಿತು.

ಹೊರಡುವಾಗ ಅವರು ಒಂದು ಎಚ್ಚರಿಕೆ ಹೇಳಿದರು. ಹಿತ್ತಾಳೆ, ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಉಪ್ಪಿನ ನೀರಾದರೆ ಇನ್ನೂ ಬೇಗ. “ಬೋರ್ ನೀರು ಬಿಡಿ, ಮಳೆ ನೀರು ಹಿಡಿದಿಟ್ಟು ಹಾಕಿ, ಇಲ್ಲ ಕೂಲೆಂಟ್ ಹಾಕಿ. ವರ್ಷಕ್ಕೊಂದು ಸಲ ಪೈಪು ಎಳೆದು ಮೂತಿ ನೋಡಿ.” ಅತ್ತೆಗೆ ಕೂಡಲೇ ಅರ್ಥವಾಯಿತು. ಹಿತ್ತಾಳೆ ಪಾತ್ರೆಗೆ ಕಲಾಯಿ ಇಲ್ಲದೆ ಹುಳಿ ಹಾಕುವ ಹೆಂಗಸು ಯಾರಿದ್ದಾರೆ?

ಚಿಂತಾಮಣಿ ಮುಟ್ಟಿದಾಗ ಮೂರೂಮುಕ್ಕಾಲು. ಕೈ ತೊಳೆಯಲೂ ಪುರುಸೊತ್ತಿಲ್ಲದೆ ನಾದಿನಿಗೆ ಹಸಿರು ಬಳೆ ತೊಡಿಸಿ, ನಾಲ್ಕೂಕಾಲಿಗೆ ಆರತಿ ಎತ್ತಿದೆವು. ಅತ್ತೆಯ ಸೆರಗಿನ ಮೇಲೆ ಗ್ರೀಸಿನ ಕಲೆ ಇತ್ತು. ಬೀಗಿತ್ತಿ ನೋಡಿದರು, ಏನೂ ಕೇಳಲಿಲ್ಲ. ಆ ರಾತ್ರಿ ಮಾವನವರು ಊಟಕ್ಕೆ ಕೂತಾಗ, “ಅವಳು ಕೂಗದೇ ಇದ್ದಿದ್ದರೆ ನನ್ನ ಕಣ್ಣು ಹೋಗಿರೋದು” ಎಂದು ಎಲ್ಲರೆದುರು ಹೇಳಿದರು. ಅವರು ಹಾಗೆ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಹಿತ್ತಾಳೆಯ ಮೂತಿ ಹದಿಮೂರು ವರ್ಷ ಬಾಳಿತು. ಮಾವನವರು ಹೋದ ಮೇಲೆ 2009ರಲ್ಲಿ ಕಾರನ್ನು ಮಾರಿದಾಗಲೂ ಅದೇ ಇತ್ತು. ಅಷ್ಟರಲ್ಲಿ, 2007ರಲ್ಲಿ, ನಮ್ಮ ಈ ನಾಲ್ಕೂ ಊರುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದವು. ಪದ್ಮಿನಿ ತಯಾರಿಕೆ ನಿಂತೂ ಕೆಲವು ವರ್ಷಗಳಾಗಿದ್ದವು. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕಡೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಸರಿಯಿತೆಂದು ಪತ್ರಿಕೆಯಲ್ಲಿ ಓದಿದಾಗ, ಮನೆಯ ಹಿರಿಯರೊಬ್ಬರು ಹೋದ ಹಾಗಾಯಿತು.

ಈಗ ನನ್ನ ಮಗಳು ತಾನೇ ಕಾರು ಓಡಿಸುತ್ತಾಳೆ. ಅದರ ಮೂತಿಗಳೆಲ್ಲಾ ಪ್ಲಾಸ್ಟಿಕ್ಕಿನವು. ಒಡೆದರೆ ಕೊರೆಯುವುದಿಲ್ಲ, ಇಡೀ ಭಾಗವನ್ನೇ ಬದಲಾಯಿಸುತ್ತಾರೆ. ಆದರೂ ಅವಳಿಗೆ ನಾನು ಹೇಳಿಕೊಟ್ಟಿರುವುದು ಹಳೆಯ ಪಾಠವೇ. ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸು. ಅರ್ಧ ಗಂಟೆಯಾದರೂ ಕಾಯಿ, ಮುಚ್ಚಳ ಮುಟ್ಟಬೇಡ. ಕಾದ ಇಂಜಿನಿಗೆ ತಣ್ಣೀರು ಸುರಿಯಬೇಡ, ಬಿಸಿ ಗಾಜಿನ ಲೋಟದ ಹಾಗೆ ಸೀಳುತ್ತದೆ. ಸೋರಿದರೆ ಬರೀ ಬಿಗಿಯಬೇಡ, ಪೈಪು ಎಳೆಸಿ ಒಳಗೆ ನೋಡಿಸು.

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಸಮಾಧಿಯ ಮುಂದೆ ನಿಂತಾಗಲೆಲ್ಲಾ ನನಗೆ ಶಿಡ್ಲಘಟ್ಟದ ಆ ಲೇತು ನೆನಪಾಗುತ್ತದೆ. ಒಂದು ಭಾಗ ಮುರಿದರೆ ಪರದೇಶದ ಪೆಟ್ಟಿಗೆಗೆ ಕಾಯದೆ ಇಲ್ಲೇ ಮಾಡಿಕೊಳ್ಳಬೇಕು ಎಂದು ಆ ಹಿರಿಯರು ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು. ಕಾರ್ಖಾನೆ ನಮ್ಮ ಕಡೆಗೆ ಬರಲಿಲ್ಲ. ಆದರೆ ಅವರು ಬಯಸಿದ ಕೆಲಸವನ್ನು, ಗೂಡು ಬೇಯಿಸುವ ಊರಿನ ಒಬ್ಬ ಮನುಷ್ಯ ಒಂದು ಭಾನುವಾರ ಮಧ್ಯಾಹ್ನ, ರಾಹುಕಾಲಕ್ಕೆ ಮುಂಚೆ, ಯಾರ ಅಪ್ಪಣೆಯನ್ನೂ ಕೇಳದೆ ಮಾಡಿ ಮುಗಿಸಿದ್ದರು.